ಭರಣಿ ಹೇಳದೆ ಉಳಿದ ಮಾತು

ಗಂಗವ್ವನ ಅಡುಗೆಮನೆಗೆ ಹೊಸ ಗಾಜಿನ ಬಟ್ಟಲೊಂದು ಬಂತು. ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆ ಅದನ್ನು ಸುತ್ತಿಕೊಂಡಿತ್ತು.

"ಈ ಹಾಳೆಯಿಂದಾಗಿ ದಾರಿಯುದ್ದಕ್ಕೂ ಯಾರೂ ನನ್ನ ಹೊಳಪು ನೋಡಲಿಲ್ಲ" ಎಂದು ಬಟ್ಟಲು ಗೊಣಗಿತು.

ಗೂಡಿನಲ್ಲಿದ್ದ ಹಳೆಯ ಉಪ್ಪಿನಕಾಯಿ ಭರಣಿ ಹೇಳಿತು: "ಮಗಳೇ, ನಾನೂ ಹೀಗೆಯೇ ಗೊಣಗಿದ್ದೆ. ಗಂಗವ್ವ ಮದುವೆಯಾಗಿ ಬಂದಾಗ ನನ್ನನ್ನು ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಭತ್ತದ ಹುಲ್ಲು ತುಂಬಿ, ಎತ್ತಿನ ಗಾಡಿಗೆ ಏರಿಸಿದ್ದರು. 'ಚುಚ್ಚುತ್ತೀಯೆ, ದೂರ ಸರಿ' ಎಂದು ಹುಲ್ಲನ್ನು ಗದರಿದೆ. 'ಹಳ್ಳ ದಾಟುವವರೆಗೆ ತಾಳಿಕೊ ತಾಯಿ' ಎಂದಿತು ಹುಲ್ಲು. ಹಳ್ಳದಲ್ಲಿ ಗಾಡಿ ಮಗುಚಿ, ಪೆಟ್ಟಿಗೆ ಬಂಡೆಗೆ ಬಡಿಯಿತು. ಹಲಗೆಗಳು ಸೀಳಿಹೋದವು, ಹುಲ್ಲು ನುಚ್ಚುನೂರಾಯಿತು. ನನಗೆ ಒಂದು ಗೀರೂ ಬೀಳಲಿಲ್ಲ."

"ಹುಲ್ಲಿಗೆ ಏನು ಹೇಳಿದಿರಿ?"

"ಹೇಳುವಷ್ಟರಲ್ಲಿ ಅದನ್ನು ಎಮ್ಮೆಯ ಮುಂದೆ ಹಾಕಿಬಿಟ್ಟಿದ್ದರು. ನಲವತ್ತು ವರ್ಷವಾಯಿತು. ಇಂದಿಗೂ ಒಣಹುಲ್ಲಿನ ವಾಸನೆ ಬಂದರೆ ಆ ಮಾತು ಗಂಟಲಿಗೆ ಬರುತ್ತದೆ, ಕೇಳುವವರಿಲ್ಲ."

ಅಷ್ಟರಲ್ಲಿ ಗಂಗವ್ವ ಹಾಳೆಯ ಸುತ್ತುಗಳನ್ನು ಬಿಚ್ಚತೊಡಗಿದಳು. "ಅಯ್ಯ, ಎಲ್ಲೂ ಏನೂ ಆಗಿಲ್ಲ ನೋಡ!" ಎಂದು ಒಳಗೆ ಇಣುಕಿ ಹಿಗ್ಗಿದಳು.

ಬಟ್ಟಲು ಅವಸರದಿಂದ ಹಾಳೆಯನ್ನು ಕೇಳಿತು: "ನಿನಗೆ ಬಹಳ ನೋವಾಯಿತೇ?"

"ಲಾರಿಯಿಂದ ಬಿದ್ದಾಗ ಹತ್ತು ಗುಳ್ಳೆ ಒಡೆದವು. ನಿದ್ದೆಯಲ್ಲಿದ್ದ ನಿನಗೆ ಎಚ್ಚರವಾಗಲಿಲ್ಲವಲ್ಲ, ಅಷ್ಟು ಸಾಕು."

"ನಿನ್ನಿಂದ ಉಳಿದೆ" ಎಂದಿತು ಬಟ್ಟಲು. ಆಗಿನ್ನೂ ಕೊನೆಯ ಸುತ್ತು ಬಿಚ್ಚಿರಲಿಲ್ಲ.