ಡಬ್ಬಿಯ ಮೇಲಿನ ಹೆಸರು

ಕರದಂಟಿನ ಹೊಸ ಡಬ್ಬಿಯ ಮೇಲೆ ಏನು ಬರೆಸಬೇಕೆಂದು ಅಂಗಡಿ ಮಾಲೀಕ ಚನ್ನಮಲ್ಲಪ್ಪ ತಾನೇ ಹೇಳಿದ: "ಅರಮನೆಯ ಬಾಣಸಿಗರಾಗಿದ್ದ ನಮ್ಮ ಮುತ್ತಜ್ಜನ ಕೈರುಚಿ."

ಅಂಗಡಿಯಲ್ಲಿ ಕರದಂಟು ಮಾಡುತ್ತಿದ್ದ ಅಡುಗೆಯವನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟ. ಆ ಕರದಂಟನ್ನು ಅವನಿಗೆ ಕಲಿಸಿದವಳು ಅವನ ಹೆಂಡತಿ ನೀಲವ್ವ. ಅವಳು ತೀರಿಕೊಂಡು ಮೂರು ತಿಂಗಳು. ಅವಳದೆಂದು ಉಳಿದದ್ದು ಆ ರುಚಿಯೊಂದೇ.

"ಯಾಕಲೇ, ಛಲೋ ಇಲ್ಲೇನು?"

"ಭಾಳ ಛಲೋ ಐತ್ರಿ ಸಾವ್ಕಾರ್ರ. ಇನ್ನೊಂದು ಸಾಲು ಸೇರಸ್ರಿ. 'ಪ್ರತಿ ಸೋಮವಾರ ಮಾಲೀಕರು ಗಿರಾಕಿಗಳ ಮುಂದೆ ಖುದ್ದು ಅಂಟು ಹುರಿದು ತೋರಿಸುತ್ತಾರೆ.' ಅರಮನೀ ರಕ್ತ ಅಲ್ರಿ, ಮಂದಿ ನೋಡ್ಲಿ."

ಚನ್ನಮಲ್ಲಪ್ಪ ಉಬ್ಬಿಹೋದ. ಆಗಲೇ ಅಭ್ಯಾಸಕ್ಕೆಂದು ಕಾದ ತುಪ್ಪಕ್ಕೆ ಒಂದು ಬಟ್ಟಲು ಅಂಟಿನ ಹರಳನ್ನು ಒಮ್ಮೆಲೇ ಸುರಿದ. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಬೆಳ್ಳಗೆ ಅರಳಬೇಕಾದದ್ದು ಕಪ್ಪು ಮುದ್ದೆಯಾಗಿ ಸೌಟನ್ನು ಹಿಡಿದುಕೊಂಡಿತು. ಅಂಗಡಿಯೆಲ್ಲ ಹೊಗೆ. ಗಿರಾಕಿಗಳು ಕೆಮ್ಮುತ್ತ ನಕ್ಕರು.

"ಸೋಮವಾರ ಎಷ್ಟು ಗಂಟೆಗ್ರಿ?" ಅಡುಗೆಯವನು ವಿನಯದಿಂದ ಕೇಳಿದ.

"ಆ ಸಾಲು ತಗಿ! ಮುತ್ತಜ್ಜನ್ನೂ ತಗಿ! ನಿನಗ ಯಾರು ಕಲಿಸಿದ್ರೋ ಅವರ ಹೆಸರು ಹಾಕು. ಸೋಮವಾರ ಅವರ ಬಂದು ಹುರೀಲಿ."

"ಹೆಸರು ಹಾಕಸ್ತೀನ್ರಿ. ಹುರಿಯಾಕ ನಾನ ನಿಲ್ಲತೀನಿ."

'ನೀಲವ್ವನ ಕರದಂಟು' ಎಂದು ಡಬ್ಬಿಗಳು ಅಚ್ಚಾಗಿ ಬಂದವು. ಮೊದಲನೆಯದನ್ನು ಅವನು ಮನೆಗೆ ಒಯ್ದ. ಬಾಗಿಲ ಮುಂದೆ ನಿಂತು, "ಇಲ್ನೋಡು, ನಿನ್ನ ಹೆಸರು" ಎಂದು ಕೂಗಿದ.

ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದ.