ಅಂಬಿಗನ ಬಿಲ್ಲೆ

"ನಮ್ಮ ತಾಮ್ರದ ನಾಣ್ಯ ತಂದವರಿಗೆ ಭಂಡಾರದಲ್ಲಿ ಬೆಳ್ಳಿ ಕೊಡುತ್ತೇವೆ ಎಂದು ಅರಸರ ಮಾತಿದೆ. ಆದರೂ ಅದರ ಬೆಲೆ ದಿನೇ ದಿನೇ ಇಳಿಯುತ್ತಿದೆ. ನಾಣ್ಯವನ್ನು ಬೆಳ್ಳಿಗೆ ಬದಲಿಸದೆ ಕೂಡಿಟ್ಟವರಿಗೆ ಬಡ್ಡಿ ಏರಿಸಿದರೆ ಮೇಲೇಳುತ್ತದೆಯೇ, ಗುರುಗಳೇ?"

ಹೀಗೆ ಕೇಳಿದವನು ಬೊಮ್ಮರಸ. ಅರಸನ ಭಂಡಾರ ಅವನ ಕೈಯಲ್ಲಿತ್ತು. ನಿದ್ದೆಗೆಟ್ಟ ಅವನ ಮುಖ ನೋಡಿ ಗುರುವಿಗೆ ಮರುಕವಾಯಿತು. "ಕೂತುಕೋ, ಮಗು" ಎಂದು ಒಂದು ಕತೆ ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಅಂಬಿಗನಿದ್ದ. ಅಕ್ಕಿ ಕೊಟ್ಟವರಿಗೆ, ಸೌದೆ ಕೊಟ್ಟವರಿಗೆ ಅವನು ಒಂದು ಮಣ್ಣಿನ ಬಿಲ್ಲೆ ಕೊಡುತ್ತಿದ್ದ. ಬಿಲ್ಲೆ ತಂದವರನ್ನು ಒಂದು ಸಲ ಹೊಳೆ ದಾಟಿಸುತ್ತಿದ್ದ. ಯಾರನ್ನೂ ದಡದಲ್ಲಿ ಬಿಟ್ಟವನಲ್ಲ. ಹಾಗಾಗಿ ಸಂತೆಯಲ್ಲೂ ಆ ಬಿಲ್ಲೆ ನಡೆಯುತ್ತಿತ್ತು. ಕೊಟ್ಟರೆ ಸೊಪ್ಪು ಬರುತ್ತಿತ್ತು, ಮಜ್ಜಿಗೆ ಬರುತ್ತಿತ್ತು.

ಒಂದು ಮಳೆಗಾಲ ದೋಣಿ ಬಂಡೆಗೆ ಬಡಿದು ಒಡೆಯಿತು. ಮರುದಿನವೇ ಸಂತೆಯಲ್ಲಿ ಬಿಲ್ಲೆಗೆ ಅರ್ಧ ಬೆಲೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ಈ ಜನ ದಾಟುವ ಮೊದಲೇ ಹಂಗು ಬಿಟ್ಟರು. ಅಂಬಿಗ ಹೆದರಿದ. ಬಿಲ್ಲೆ ನಡೆಯದಿದ್ದರೆ ಅವನ ಮನೆಯ ಒಲೆ ಉರಿಯುವಂತಿರಲಿಲ್ಲ. ಹೊಸ ದೋಣಿ ಬರುವತನಕ ಇಟ್ಟುಕೊಂಡವರಿಗೆ ಒಂದು ಬಿಲ್ಲೆಗೆ ಎರಡು ಸಲ ದಾಟಿಸುತ್ತೇನೆ ಎಂದು ಸಾರಿದ. ಕೆಲವರು ಆಸೆಪಟ್ಟು ಇಟ್ಟುಕೊಂಡರು. ಬೆಲೆ ತುಸು ಚೇತರಿಸಿತು, ಮತ್ತೆ ಇಳಿಯಿತು. ಮೂರು ಸಲ ಎಂದ. ಆಗ ಇಟ್ಟುಕೊಂಡವರಿಗೇ ದಿಗಿಲಾಯಿತು. ಇಷ್ಟೊಂದು ಕೊಡುತ್ತೇನೆ ಅನ್ನುವವನ ಹತ್ತಿರ ಏನೂ ಇಲ್ಲ ಎಂದುಕೊಂಡು, ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಂಡರು.

ಹೀಗಿರುವಾಗ ಮುದುಕಿಯೊಬ್ಬಳು ಬಿಲ್ಲೆ ಹಿಡಿದು ದಡಕ್ಕೆ ಬಂದಳು.

"ದೋಣಿಯಾದ ಮೇಲೆ ಬಾ ಅವ್ವ, ಮೂರು ಸಲ ದಾಟಿಸುತ್ತೇನೆ" ಎಂದ ಅಂಬಿಗ.

"ಮೂರು ಸಲ ದಾಟಿ ಏನು ಮಾಡಲಪ್ಪ? ಆಚೆ ದಡದಲ್ಲಿ ನನ್ನ ಮಗಳಿಗೆ ಹೆರಿಗೆ ನೋವು ಬಂದಿರುವುದು ಇವತ್ತು."

ಅಂಬಿಗ ಊರೊಳಗೆ ಓಡಿದ. ಬೆಲ್ಲ ಕಾಯಿಸುವ ಕೊಪ್ಪರಿಗೆಯೊಂದನ್ನು ಕೇಳಿ ತಂದ. ಮುದುಕಿಯನ್ನು ಅದರಲ್ಲಿ ಕೂರಿಸಿ, ತಾನು ಹಿಂದೆ ಈಜುತ್ತಾ ತಳ್ಳಿಕೊಂಡು ಹೊರಟ. ತೋಳು ಸೋತರೂ ಕೈಬಿಡಲಿಲ್ಲ. ಊರಿನವರು ದಡದಲ್ಲಿ ನಿಂತು ನೋಡುತ್ತಿದ್ದರು. ಆಚೆ ದಡದಲ್ಲಿ ಇಳಿದ ಮುದುಕಿ ಅವನ ಒದ್ದೆ ತಲೆ ಸವರಿ, ಬಿಲ್ಲೆಯನ್ನು ಕೈಗಿಟ್ಟು, ಮಗಳ ಮನೆಯತ್ತ ಓಡಿದಳು.

ಮರುದಿನ ಸಂತೆಯಲ್ಲಿ ಮಜ್ಜಿಗೆಯವಳು ಬಿಲ್ಲೆಯನ್ನು ಹಳೆಯ ಬೆಲೆಗೇ ತೆಗೆದುಕೊಂಡಳು. ದೋಣಿ ಇನ್ನೂ ಆಗಿರಲಿಲ್ಲ. ಎರಡು ಸಲ, ಮೂರು ಸಲ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಗುರು ಕತೆ ಮುಗಿಸಿದರು. ಬೊಮ್ಮರಸ, "ಹಾಗಾದರೆ ಬಡ್ಡಿ ಎಷ್ಟು ಏರಿಸಲಿ?" ಎಂದ.

ಗುರು ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ಇವತ್ತು ನಾಣ್ಯ ಹಿಡಿದು ಬಾಗಿಲಿಗೆ ಬಂದವರಿಗೆ ನಾಳೆ ಬನ್ನಿ ಎಂದು ಹೇಳಿ ಬಂದೆಯಾ, ಮಗು?"