ಸವೆಯದ ಹಳಿ

ನದಿಯ ದಂಡೆ. ದಂಡೆಯ ಮೇಲೆ ರೈಲು ಹಳಿ ಬಿಲ್ಲಿನಂತೆ ತಿರುಗುವ ಜಾಗ. ಅಲ್ಲೊಂದು ಆಶ್ರಮ.

ಯಾವ ನದಿ ಅಂತ ಕೇಳಬೇಡಿ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳಿಬಿಟ್ಟಿದ್ದೇನೆ.

ಆಶ್ರಮವೆಂದರೆ ತಗಡಿನ ಮಾಡು, ಒಂದು ಬೇವಿನ ಮರ, ಒಂದು ಜಿಂಕೆ. ಜಿಂಕೆ ಇರಲಿಲ್ಲ. ಆದರೂ ಇರಲಿ, ಆಶ್ರಮಕ್ಕೊಂದು ಕಳೆ.

ಅಲ್ಲಿದ್ದವರು ಮೌನೇಶ ಪತ್ತಾರ ಗುರುಗಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಶಾಸ್ತ್ರ ಕಲಿಸಿ ನಿವೃತ್ತರಾದವರು. ಉಕ್ಕು ಹೇಗೆ ದಣಿಯುತ್ತದೆ, ದಣಿದು ಹೇಗೆ ಬಿರಿಯುತ್ತದೆ ಎಂಬುದೇ ಅವರ ವೇದಾಂತ.

ಶಿಷ್ಯರು ಅವರಿಗೆ ಹಣ್ಣು ಕಾಯಿ ತರುವಂತಿರಲಿಲ್ಲ. ತಾವು ಕೆಲಸ ಮಾಡುವ ರೈಲುದಾರಿಯಲ್ಲಿ ಕತ್ತರಿಸಿ ತೆಗೆದ ಹಳಿಯ ತುಂಡೊಂದನ್ನು ಹೊತ್ತು ತರಬೇಕು. ಹಾಗಾಗಿ ಈ ಶಿಷ್ಯರನ್ನು ಎಂಥ ಸಂತೆಯಲ್ಲೂ ಗುರುತಿಸಬಹುದಿತ್ತು. ಎಲ್ಲರ ಬಲಭುಜವೂ ಒಂದು ಗೇಣು ಕೆಳಗೆ.

ಒಂದು ಮಧ್ಯಾಹ್ನ ಶಿಷ್ಯೆ ನೀಲಾಂಬಿಕೆ ಬಂದಳು. ರೈಲ್ವೆಯಲ್ಲಿ ಹಳಿಗಳ ಆಯಸ್ಸು ಲೆಕ್ಕ ಹಾಕುವುದು ಅವಳ ಕೆಲಸ. ಚೀಲದಿಂದ ಹಳಿಯ ತುಂಡು ತೆಗೆದು ಗುರುಗಳ ಮುಂದಿಟ್ಟಳು. ಕನ್ನಡಿಯಂತೆ ಹೊಳೆಯುತ್ತಿತ್ತು.

“ಇದೇ ತಿರುವಿನ ಹಳಿಯಿಂದ ಮಾದರಿಗೆ ಕತ್ತರಿಸಿದ್ದು, ಗುರುಗಳೇ. ಮೊದಲು ಇಲ್ಲಿ ಗಾಲಿ ಉಜ್ಜಿ ಉಜ್ಜಿ ಹಳಿ ಸವೆದುಹೋಗುತ್ತಿತ್ತು. ಹೊಸ ಹಳಿ ಹಾಕಿದಾಗ ಗ್ರೀಸ್ ಹಚ್ಚಿ ಅಂತ ನಾನೇ ಹೇಳಿದೆ. ಈಗ ನೋಡಿ, ಕೂದಲೆಳೆಯಷ್ಟೂ ಸವೆದಿಲ್ಲ.”

“ಭೇಷ್. ಈಗ ಏನು ಬೇಕು?”

“ಆಶೀರ್ವಾದ. ಮಳೆಗಾಲ ಮುಗಿಯುವವರೆಗೆ ಈ ಹಳಿಯೇ ಇರಲಿ, ಗಾಡಿಗಳು ಪೂರ್ತಿ ವೇಗದಲ್ಲಿ ಓಡಲಿ ಅಂತ ಸಂಜೆಯೊಳಗೆ ಕಚೇರಿಗೆ ಹೇಳಬೇಕು. ನಾನು ಹೇಳಿದರೆ ಮುಗಿಯಿತು. ಮತ್ತೆ ಯಾರೂ ಪರೀಕ್ಷೆ ಮಾಡುವುದಿಲ್ಲ.”

“ಅಷ್ಟು ನಂಬಿಕೆಯೇ?”

“ಬಿರುಕು ಯಾವಾಗ ಹುಟ್ಟುತ್ತದೆ, ಹುಟ್ಟಿದ್ದು ಎಷ್ಟು ಬೇಗ ಬೆಳೆಯುತ್ತದೆ, ಎರಡನ್ನೂ ನನ್ನ ಲೆಕ್ಕ ಹೇಳುತ್ತದೆ. ಈ ಹಳಿಯಲ್ಲಿ ಬಿರುಕು ಇನ್ನೂ ಹುಟ್ಟೇ ಇಲ್ಲ.”

“ಹುಟ್ಟುವ ಹೊತ್ತು ನಿನಗೆ ಯಾರು ಹೇಳಿದರು? ಸೂಲಗಿತ್ತಿಯೇ?”

ನೀಲಾ ನಕ್ಕಳು. “ಹಳೆಯ ಹಳಿ ಹೇಳಿತು. ವರ್ಷಗಟ್ಟಲೆ ಗಾಡಿ ಓಡಿದರೂ ಅದರಲ್ಲಿ ಒಂದು ಬಿರುಕೂ ಕಾಣಲಿಲ್ಲ. ಅಂದರೆ ಹುಟ್ಟಲು ಅಷ್ಟು ಕಾಲವಾದರೂ ಬೇಕು. ಗ್ರೀಸ್ ಹಚ್ಚಿದ ಮೇಲೆ ಇನ್ನೂ ಹೆಚ್ಚು.”

ಗುರುಗಳು ಎದ್ದು ಮೂಲೆಯ ರಾಶಿಯಿಂದ ಇನ್ನೊಂದು ತುಂಡು ಎಳೆದು ತಂದರು. ಅದೇ ತಿರುವಿನ ಹಳೆಯ ಹಳಿ. ಒಂದು ಮಗ್ಗುಲು ಇಲಿ ಕಡಿದಂತೆ ಸವೆದಿತ್ತು.

“ಎರಡರಲ್ಲಿ ಯಾವುದರ ಮೇಲೆ ಹೋಗುತ್ತೀ?”

“ಇದೇನು ಪ್ರಶ್ನೆ, ಗುರುಗಳೇ? ಹೊಳೆಯುವುದರ ಮೇಲೆ.”

“ಸೀಮೆಎಣ್ಣೆ ತಾ.”

ಎರಡಕ್ಕೂ ಸೀಮೆಎಣ್ಣೆ ಸವರಿ ಕುಳಿತರು. “ಇಳಿಯಲಿ. ಅಷ್ಟರಲ್ಲಿ ಚಹಾ ಮಾಡು. ಕಳೆದ ಸಲದ ಹಾಗೆ ಬೇಡ, ಇಂದು ಸಕ್ಕರೆಯನ್ನೂ ಹಾಕು.”

ಚಹಾ ಕುಡಿಯುವಾಗ ಪ್ಯಾಸೆಂಜರ್ ಗಾಡಿ ತಿರುವಿನಲ್ಲಿ ವಾಲುತ್ತ ಬಂತು. ಕಿಟಕಿಯಲ್ಲಿ ಕುಳಿತ ಹೆಂಗಸೊಬ್ಬಳು ಇವರ ಕಡೆಗೇ ಶೇಂಗಾ ಸಿಪ್ಪೆ ಎಸೆದಳು. ಗುರುಗಳು ಎದ್ದು ಅವಳಿಗೆ ಕೈಮುಗಿದರು.

“ಪರಿಚಯದವರೇ?”

“ಅಲ್ಲ. ನಿನ್ನನ್ನು ನಂಬಿ ಕೂತವಳು.”

ನೀಲಾ ಚಹಾದ ಲೋಟ ಕೆಳಗಿಟ್ಟಳು.

ಗುರುಗಳು ಎರಡೂ ತುಂಡುಗಳನ್ನು ಬಟ್ಟೆಯಿಂದ ಒರೆಸಿದರು. ಸೀಮೆಸುಣ್ಣದ ಪುಡಿ ಬಳಿದರು. ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟರು.

ಅವಳು ಹಳೆಯದನ್ನು ತಟ್ಟಿದಳು. ಸುಣ್ಣ ಬೆಳ್ಳಗೇ ಉಳಿಯಿತು.

ಹೊಳೆಯುತ್ತಿದ್ದುದನ್ನು ತಟ್ಟಿದಳು. ಬಿಳಿ ಪುಡಿಯಲ್ಲಿ ಒಂದು ಒದ್ದೆ ಗೆರೆ ಎದ್ದಿತು. ಅದರ ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಅಂಚಿನುದ್ದಕ್ಕೂ ಮೀನಿನ ಹುರುಪೆಯ ಹಾಗೆ ಓರೆ ಗೆರೆಗಳು. ಬಿರುಕುಗಳೊಳಗೆ ಇಳಿದಿದ್ದ ಸೀಮೆಎಣ್ಣೆ ಹೊರಗೆ ಬರುತ್ತಿತ್ತು.

ನೀಲಾ ಹಳೆಯದನ್ನು ಇನ್ನೊಮ್ಮೆ ತಟ್ಟಿ ನೋಡಿದಳು.

“ಹಳೆಯದರಲ್ಲಿ ಯಾಕೆ ಹುಟ್ಟಲಿಲ್ಲ, ಗುರುಗಳೇ?”

“ಹುಟ್ಟಲಿಲ್ಲ ಅಂದವರು ಯಾರು? ದಿನಾ ಹುಟ್ಟುತ್ತಿತ್ತು.”

“ಕಾಣಲೇ ಇಲ್ಲವಲ್ಲ!”

“ಬೆಳಗ್ಗೆ ಹುಟ್ಟಿದ್ದನ್ನು ಸಂಜೆಯ ಗಾಡಿ ಉಜ್ಜಿಕೊಂಡು ಹೋಗುತ್ತಿತ್ತು. ಹಳಿ ಸವೆಯುತ್ತಿತ್ತು, ಜೊತೆಗೆ ಬಿರುಕೂ ಸವೆಯುತ್ತಿತ್ತು. ನೀನು ಉಜ್ಜುವುದನ್ನೇ ನಿಲ್ಲಿಸಿದೆ. ಈಗ ಹುಟ್ಟಿದ್ದೆಲ್ಲ ಅಲ್ಲೇ ಕೂತು ಬೆಳೆಯುತ್ತಿದೆ.”

ಅವಳು ಆ ಗೆರೆಗಳನ್ನೇ ನೋಡಿದಳು. “ಮಳೆ ಶುರುವಾದರೆ?”

ಗುರುಗಳು ಬಟ್ಟೆಯನ್ನು ನೀರಿನಲ್ಲಿ ಅದ್ದಿ ಮುಷ್ಟಿಯೊಳಗೆ ಹಿಂಡಿದರು. ಬೆರಳ ಸಂದಿಗಳಿಂದ ನೀರು ಚಿಮ್ಮಿತು.

“ಗಾಲಿ ಹೀಗೇ ಒತ್ತುತ್ತದೆ. ಅದು ಬಿರುಕಿನ ಬಾಯಿ ಮುಚ್ಚಿ ಒತ್ತಿದಾಗ ಒಳಗಿನ ನೀರು ಎಲ್ಲಿಗೆ ಹೋಗಬೇಕು?”

“ಇನ್ನೂ ಒಳಕ್ಕೆ,” ಎಂದಳು ನೀಲಾ.

ಫೋನು ತೆಗೆದಳು. ಚೀಲಕ್ಕೆ ಹಾಕಿದಳು. ಮತ್ತೆ ತೆಗೆದು ಕಚೇರಿಯ ನಂಬರು ಒತ್ತಿದಳು. ಆ ಕಡೆ ರಿಂಗ್ ಆಗತೊಡಗಿತು. ಅವಳು ಫೋನನ್ನು ಅಂಗೈಯಿಂದ ಮುಚ್ಚಿಕೊಂಡಳು.

“ಗಾಡಿ ನಿಧಾನ ಮಾಡಿ, ಹಳಿ ಬದಲಿಸಿ ಅಂತ ಹೇಳುತ್ತೇನೆ. ಆಗ ಗ್ರೀಸ್ ಹಚ್ಚಿಸಿದವರು ಯಾರು ಅಂತ ಕೇಳುತ್ತಾರೆ.”

“ಕೇಳುತ್ತಾರೆ.”

“ಬಿರುಕಿಲ್ಲ ಅಂತ ಲೆಕ್ಕ ಹಾಕಿದವರು ಯಾರು ಅಂತಲೂ ಕೇಳುತ್ತಾರೆ.”

“ಕೇಳದೆ ಬಿಡುತ್ತಾರೆಯೇ?”

“ಇಲ್ಲಿಯವರೆಗೆ ನನ್ನ ಒಂದು ಮಾತೂ ತಪ್ಪಾಗಿಲ್ಲ, ಗುರುಗಳೇ. ಇನ್ನು ನನ್ನ ಹೆಸರಿನ ಗತಿ?”

ಆ ಕಡೆ ಯಾರೋ ಫೋನು ಎತ್ತಿ ‘ಹಲೋ’ ಎಂದರು.

ಗುರುಗಳು ಕೈಗೆ ಮೆತ್ತಿದ್ದ ಸುಣ್ಣ ಕೊಡವಿಕೊಂಡರು.

“ಸ್ವಲ್ಪ ಸವೆಯಲಿ ಬಿಡು, ನೀಲವ್ವಾ.”